ಒಂದೇ ಸುದ್ದಿಗೆ ಎರಡು ಉತ್ತರ: ಹೃದಯ, ಶ್ವಾಸಕೋಶ ಮತ್ತು ಮಿದುಳುಕಾಂಡ

ಮಿದುಳಿನಿಂದ ಎದೆ ಮತ್ತು ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸವೇನು ಎಂದು ವೈದ್ಯಕೀಯ ವಿದ್ಯಾರ್ಥಿಗಳನ್ನು ಕೇಳಿದರೆ ಬಹುತೇಕರು ತಟ್ಟನೆ ಹೇಳುವುದು ಒಂದೇ ಮಾತು: ಅದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಉತ್ತರ ಸರಿಯಾಗಿಯೇ ಇದೆ. ಜರ್ಮನಿಯ ವೆಬರ್ ಸಹೋದರರು 1845ರಲ್ಲಿ ಈ ನರವನ್ನು ವಿದ್ಯುತ್ತಿನಿಂದ ಕೆರಳಿಸಿ ಹೃದಯವನ್ನೇ ನಿಲ್ಲಿಸಿ ತೋರಿಸಿದ ಮೇಲೆ ಈ ಸಂಗತಿ ಎಲ್ಲ ಪಠ್ಯಪುಸ್ತಕಗಳನ್ನೂ ಸೇರಿತು. ಮಿದುಳು ಆಜ್ಞೆ ಮಾಡುತ್ತದೆ, ಹೃದಯ ಪಾಲಿಸುತ್ತದೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಕುಳಿತುಬಿಟ್ಟಿತು.

ಆದರೆ ಆ ನರದೊಳಗಿನ ತಂತುಗಳನ್ನು ಎಣಿಸಿದವರಿಗೆ ಸಿಕ್ಕ ಲೆಕ್ಕ ಬೇರೆಯೇ ಇತ್ತು. ಬೆಕ್ಕಿನ ವೇಗಸ್ ನರದಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗದ ತಂತುಗಳು ಆಜ್ಞೆಯನ್ನು ಕೆಳಕ್ಕೆ ಒಯ್ಯುವುದಿಲ್ಲ, ಸುದ್ದಿಯನ್ನು ಮೇಲಕ್ಕೆ ತರುತ್ತವೆ. ಮನುಷ್ಯನಲ್ಲೂ ಹೆಚ್ಚಿನ ಪಾಲು ಹೀಗೆ ಮೇಲಕ್ಕೆ ಬರುವ ತಂತುಗಳದೇ. ಹೃದಯ ಎಷ್ಟು ಹಿಗ್ಗಿತು, ಮಹಾಪಧಮನಿಯ ಗೋಡೆ ಎಷ್ಟು ಬಿಗಿಯಾಯಿತು, ಶ್ವಾಸಕೋಶ ಎಷ್ಟು ತುಂಬಿತು, ಅದರೊಳಗೆ ನೀರು ಜಿನುಗುತ್ತಿದೆಯೇ ಎಂಬೆಲ್ಲ ವರದಿಗಳು ಹಗಲಿರುಳೂ ಬಿಡುವಿಲ್ಲದೆ ಮಿದುಳಿನ ಕಡೆಗೆ ಹರಿಯುತ್ತಿರುತ್ತವೆ. ನೀವು ಇಲ್ಲಿ ಕುಳಿತು ನನ್ನ ಮಾತು ಕೇಳುತ್ತಿರುವಾಗಲೂ ಹರಿಯುತ್ತಿವೆ. ಆ ವರದಿಗಳನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದು ಇವತ್ತಿನ ವಿಷಯ.

ಓದುವ ಜಾಗ ಎಲ್ಲಿದೆ ಎಂಬ ಸುಳಿವು ಸಿಕ್ಕಿದ್ದು ಫ್ರಾನ್ಸಿನಲ್ಲಿ. ಲೆಗಾಲ್ವಾ ಎಂಬ ವೈದ್ಯ ಮೊಲಗಳ ಮೇಲೆ ಪ್ರಯೋಗ ನಡೆಸಿ, ದೊಡ್ಡ ಮಿದುಳನ್ನು ತೆಗೆದರೂ ಪ್ರಾಣಿ ಉಸಿರಾಡುತ್ತಲೇ ಇರುತ್ತದೆ, ಆದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದಲ್ಲಿ ವೇಗಸ್ ನರ ಹೊರಡುವ ಜಾಗದ ಬಳಿ ಒಂದು ಸಣ್ಣ ಭಾಗವನ್ನು ಕತ್ತರಿಸಿದರೆ ಉಸಿರು ಆ ಕ್ಷಣವೇ ನಿಲ್ಲುತ್ತದೆ ಎಂದು 1812ರಲ್ಲಿ ಪ್ರಕಟಿಸಿದ. ಮಿದುಳುಕಾಂಡದ ಅತ್ಯಂತ ಕೆಳಗಿನ ತುಂಡನ್ನು ಮೆಡುಲ್ಲಾ ಎನ್ನುತ್ತೇವೆ. ಉದ್ದ ಸುಮಾರು ಮೂರು ಸೆಂಟಿಮೀಟರ್, ದಪ್ಪ ನಿಮ್ಮ ಹೆಬ್ಬೆರಳಿಗಿಂತ ಹೆಚ್ಚೇನಿಲ್ಲ. ಅದರ ಬೆನ್ನಿನ ಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ನರಕೋಶಗಳ ಉದ್ದನೆಯ ಪಟ್ಟಿಗಳಿವೆ. ಹೆಸರು ನ್ಯೂಕ್ಲಿಯಸ್ ಟ್ರಾಕ್ಟಸ್ ಸಾಲಿಟೇರಿಯಸ್. ಇಷ್ಟುದ್ದದ ಹೆಸರನ್ನು ಮತ್ತೆ ಮತ್ತೆ ಹೇಳುವುದು ಬೇಡ, ಎಲ್ಲರೂ ಕರೆಯುವಂತೆ ಎನ್‌ಟಿಎಸ್ ಎನ್ನೋಣ.

ಹೃದಯ, ಶ್ವಾಸಕೋಶ, ಜಠರ, ಕರುಳುಗಳಿಂದ ವೇಗಸ್ ನರ ತರುವ ಸುದ್ದಿಯೆಲ್ಲ ಬಂದಿಳಿಯುವ ಮೊದಲ ನಿಲ್ದಾಣ ಈ ಎನ್‌ಟಿಎಸ್. ಪಟ್ಟಿಯ ಮುಂದಿನ ತುದಿಗೆ ನಾಲಿಗೆಯ ರುಚಿ ಬರುತ್ತದೆ, ಹಿಂದಿನ ಭಾಗಕ್ಕೆ ಎದೆ ಮತ್ತು ಹೊಟ್ಟೆಯ ವರದಿಗಳು ಬರುತ್ತವೆ. ಹುಣಿಸೆಯ ಹುಳಿಯೂ ರಕ್ತದೊತ್ತಡವೂ ಒಂದೇ ಪಟ್ಟಿಯ ಎರಡು ಕಡೆ ಬಂದು ಸೇರುವುದನ್ನು ನೆನೆದಾಗಲೆಲ್ಲ ನನಗೆ ಈಗಲೂ ಬೆರಗು. ಎದೆಯ ಸುದ್ದಿಗೂ ಹೊಟ್ಟೆಯ ಸುದ್ದಿಗೂ ಇಲ್ಲಿ ಅಕ್ಕಪಕ್ಕದ ಜಾಗ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದು ಬೇಕಾಗುತ್ತದೆ.

ಮೊದಲು ಶ್ವಾಸಕೋಶದ ಕಥೆ. 1868ರಲ್ಲಿ ವಿಯೆನ್ನಾದಲ್ಲಿ ಎವಾಲ್ಡ್ ಹೆರಿಂಗ್ ಮತ್ತು ಯೋಸೆಫ್ ಬ್ರಾಯರ್ ಒಂದು ಸರಳ ಪ್ರಯೋಗ ಮಾಡಿದರು. ಅರಿವಳಿಕೆಯಲ್ಲಿದ್ದ ಪ್ರಾಣಿಯ ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸಿದರೆ ಅದು ಉಸಿರೆಳೆಯುವುದನ್ನು ನಿಲ್ಲಿಸುತ್ತದೆ. ಗಾಳಿ ತೆಗೆದರೆ ತಕ್ಷಣ ಎಳೆಯಲು ತೊಡಗುತ್ತದೆ. ಎರಡೂ ವೇಗಸ್ ನರಗಳನ್ನು ಕತ್ತರಿಸಿದರೆ ಈ ಪರಿಣಾಮ ಮಾಯವಾಗುತ್ತದೆ, ಉಸಿರು ನಿಧಾನವೂ ಆಳವೂ ಆಗುತ್ತದೆ. ಅಂದರೆ ಶ್ವಾಸಕೋಶ ತಾನು ತುಂಬಿದ್ದನ್ನು ತಾನೇ ಹೇಳುತ್ತದೆ, ಆ ಮಾತು ಕೇಳಿ ಮೆಡುಲ್ಲಾ ಉಸಿರೆಳೆತವನ್ನು ಮುಗಿಸುತ್ತದೆ. ಈ ಬ್ರಾಯರ್ ಮುಂದೆ ಸಿಗ್ಮಂಡ್ ಫ್ರಾಯ್ಡ್ ಜೊತೆ ಮನೋರೋಗಗಳ ಬಗ್ಗೆ ಬರೆದು ಹೆಸರಾದವರು. ಲೋಕ ಅವರನ್ನು ಅದಕ್ಕಾಗಿ ನೆನೆಯುತ್ತದೆ, ಶರೀರಕ್ರಿಯಾಶಾಸ್ತ್ರದವರಾದ ನಾವು ಇದಕ್ಕಾಗಿ ನೆನೆಯುತ್ತೇವೆ.

ಶ್ವಾಸನಾಳಗಳ ಗೋಡೆಯ ಸ್ನಾಯುಗಳಲ್ಲಿ ಹಿಗ್ಗುವಿಕೆಯನ್ನು ಅಳೆಯುವ ನರತುದಿಗಳಿವೆ. ಒಂದೊಂದು ತಂತುವಿನ ವಿದ್ಯುತ್ ಮಿಡಿತಗಳನ್ನು ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ 1933ರಲ್ಲಿ ದಾಖಲಿಸಿದರು. ಶ್ವಾಸಕೋಶ ಹಿಗ್ಗಿದಷ್ಟೂ ಮಿಡಿತಗಳ ಸಂಖ್ಯೆ ಏರುತ್ತದೆ. ಎನ್‌ಟಿಎಸ್‌ನಲ್ಲಿ ಇವುಗಳನ್ನು ಪಡೆಯುವ ಕೋಶಗಳು ಉಸಿರೆಳೆಸುವ ಕೋಶಗಳನ್ನು ತಡೆಯುತ್ತವೆ. ವಯಸ್ಕರಲ್ಲಿ ಶಾಂತವಾಗಿ ಕುಳಿತು ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುವಾಗ ಈ ಪ್ರತಿವರ್ತನೆಯ, ಅಂದರೆ ತಾನಾಗಿಯೇ ನಡೆಯುವ ಉತ್ತರದ, ಪಾತ್ರ ಚಿಕ್ಕದು. ಆಳವಾಗಿ ಎಳೆದಾಗ ಮಾತ್ರ ಅದರ ಕೈ ಕಾಣುತ್ತದೆ. ನವಜಾತ ಶಿಶುಗಳಲ್ಲಿ ಅದು ಬಹಳ ಬಲವಾಗಿರುತ್ತದೆ.

ಈಗ ರಕ್ತದೊತ್ತಡಕ್ಕೆ ಬರೋಣ. ನಿಮ್ಮ ಕುತ್ತಿಗೆಯ ಎರಡೂ ಬದಿಯಲ್ಲಿ, ತಲೆಗೆ ರಕ್ತ ಒಯ್ಯುವ ಕೆರಾಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ ಒಂದು ಸಣ್ಣ ಉಬ್ಬು ಇದೆ. ಅಲ್ಲಿ ಒತ್ತಿದರೆ ನಾಡಿ ನಿಧಾನವಾಗುವುದು 19ನೇ ಶತಮಾನದಲ್ಲೇ ಗೊತ್ತಿತ್ತು. ಬೆರಳು ವೇಗಸ್ ನರವನ್ನೇ ಅದುಮುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ನಿಜವಾಗಿ ಅದುಮಿದ್ದು ರಕ್ತನಾಳದ ಗೋಡೆ, ಆ ಗೋಡೆಯಲ್ಲಿರುವ ನರತುದಿಗಳು ಅದನ್ನು ಏರಿದ ಒತ್ತಡವೆಂದು ತಿಳಿದು ಮಿದುಳುಕಾಂಡಕ್ಕೆ ವರದಿ ಮಾಡುತ್ತವೆ ಎಂದು 1920ರ ದಶಕದಲ್ಲಿ ತೋರಿಸಿದವರು ಹೈನ್‌ರಿಚ್ ಎವಾಲ್ಡ್ ಹೆರಿಂಗ್. ಆಗಲೇ ಹೇಳಿದ ಹೆರಿಂಗ್ ಅವರ ಮಗ! ತಂದೆ ಶ್ವಾಸಕೋಶದ ಸುದ್ದಿಯ ದಾರಿ ಕಂಡುಹಿಡಿದರು, ಮಗ ರಕ್ತನಾಳದ ಸುದ್ದಿಯ ದಾರಿ ಕಂಡುಹಿಡಿದರು, ಎರಡು ದಾರಿಗಳೂ ಹೋಗಿ ಸೇರುವುದು ಎನ್‌ಟಿಎಸ್ ಎಂಬ ಒಂದೇ ಊರನ್ನು. ಕುತ್ತಿಗೆಯ ಈ ಜಾಗವನ್ನು ಮನೆಯಲ್ಲಿ ಒತ್ತಿ ನೋಡಲು ಹೋಗಬೇಡಿ. ವಯಸ್ಸಾದವರಲ್ಲಿ ಅದು ಅಪಾಯ.

ಸುದ್ದಿ ತಲುಪಿದ ಮೇಲೆ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ಎನ್‌ಟಿಎಸ್ ಕೋಶಗಳು ನ್ಯೂಕ್ಲಿಯಸ್ ಆಂಬಿಗಸ್ ಎಂಬ ಗುಂಪನ್ನು ಕೆರಳಿಸುತ್ತವೆ. ಅಲ್ಲಿಂದ ಹೊರಡುವ ವೇಗಸ್ ತಂತುಗಳು ಹೃದಯವನ್ನು ನಿಧಾನಗೊಳಿಸುತ್ತವೆ. ಇದು ಬಲು ಚುರುಕು, ಒಂದು ಸೆಕೆಂಡಿನೊಳಗೆ ಮುಂದಿನ ಬಡಿತದಲ್ಲೇ ಕಾಣಬಹುದು. ಎರಡನೆಯ ದಾರಿ ಕೊಂಚ ಸುತ್ತುಬಳಸು. ಮೆಡುಲ್ಲಾದ ಮುಂಭಾಗದಲ್ಲಿರುವ ಒಂದು ಕೋಶಸಮೂಹ ರಕ್ತನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳನ್ನು ಸದಾ ಚುರುಕಾಗಿಟ್ಟಿರುತ್ತದೆ. ಅದನ್ನು ತಡೆಯುವ ಇನ್ನೊಂದು ಸಮೂಹ ಅದರ ಪಕ್ಕದಲ್ಲೇ ಇದೆ. ಎನ್‌ಟಿಎಸ್ ಈ ತಡೆಯುವ ಸಮೂಹವನ್ನು ಎಬ್ಬಿಸುತ್ತದೆ, ಬಿಗಿತ ಸಡಿಲವಾಗುತ್ತದೆ. ಈ ಪರಿಣಾಮ ಪೂರ್ತಿ ಬರಲು ಹಲವು ಸೆಕೆಂಡುಗಳು ಬೇಕು.

ನೀವು ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಕಿಬ್ಬೊಟ್ಟೆಯ ಕಡೆ ಜಾರುತ್ತದೆ. ಕುತ್ತಿಗೆಯಲ್ಲಿ ಒತ್ತಡ ಕುಸಿಯುತ್ತದೆ, ಮಿಡಿತಗಳು ಕಡಿಮೆಯಾಗುತ್ತವೆ, ವೇಗಸ್ ತನ್ನ ಹಿಡಿತ ಬಿಡುತ್ತದೆ, ನಾಡಿ ಓಡುತ್ತದೆ. ನಿಮಗೆ ಇದಾವುದೂ ತಿಳಿಯುವುದಿಲ್ಲ. ವಯಸ್ಸಾದವರಿಗೆ, ಕೆಲವು ಔಷಧಿ ತೆಗೆದುಕೊಳ್ಳುವವರಿಗೆ ಈ ಸರಪಣಿ ನಿಧಾನವಾದಾಗ ಮಾತ್ರ ಕಣ್ಣು ಕತ್ತಲಿಟ್ಟು ತಿಳಿಯುತ್ತದೆ.

1973ರಲ್ಲಿ ನಡೆದ ಎರಡು ಪ್ರಯೋಗಗಳು ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವು. ಅಮೆರಿಕದ ಕೌಲಿ ಮತ್ತು ಸಂಗಡಿಗರು ನಾಯಿಗಳಲ್ಲಿ ಈ ಒತ್ತಡದ ಸುದ್ದಿ ತರುವ ನರಗಳನ್ನು ಕತ್ತರಿಸಿ ಇಡೀ ದಿನ ರಕ್ತದೊತ್ತಡ ಅಳೆದರು. ಅದು ಸದಾ ಏರಿಯೇ ಇರುತ್ತದೆ ಎಂಬುದು ಅಲ್ಲಿಯವರೆಗಿನ ನಂಬಿಕೆ. ದಿನದ ಸರಾಸರಿ ಹೆಚ್ಚು ಬದಲಾಗಲೇ ಇಲ್ಲ. ಆದರೆ ಒತ್ತಡ ನಿಮಿಷ ನಿಮಿಷಕ್ಕೂ ಹುಚ್ಚಾಪಟ್ಟೆ ಏರಿಳಿಯಿತು, ಎದ್ದರೆ ಒಂದು, ಮಲಗಿದರೆ ಇನ್ನೊಂದು. ಅದೇ ವರ್ಷ ಡೋಬಾ ಮತ್ತು ರೈಸ್ ಇಲಿಗಳಲ್ಲಿ ನರಗಳನ್ನು ಬಿಟ್ಟು ಎನ್‌ಟಿಎಸ್ ಅನ್ನೇ ಎರಡೂ ಕಡೆ ನಾಶಮಾಡಿದರು. ಒತ್ತಡ ಭೀಕರವಾಗಿ ಏರಿ ಇಲಿಗಳು ಗಂಟೆಗಳಲ್ಲೇ ಸತ್ತವು. ಸುದ್ದಿ ತರುವ ನರ ಹೋದರೂ ಆ ನಾಯಿಗಳು ಹೇಗೋ ಬದುಕಿದವು, ಸುದ್ದಿ ಓದುವ ಜಾಗವೇ ಹೋದ ಈ ಇಲಿಗಳು ಬದುಕಲಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ನಿಮಗೆ ಒಂದು ಅನುಮಾನ ಬರಬೇಕು. ಒತ್ತಡ ಏರಿದರೆ ಹೃದಯ ನಿಧಾನವಾಗಬೇಕು ಎಂದಾದರೆ, ಓಡುವಾಗ ಒತ್ತಡವೂ ನಾಡಿಯೂ ಒಟ್ಟಿಗೆ ಏರುವುದು ಹೇಗೆ? ಹೆದರಿದಾಗ ಎರಡೂ ಒಟ್ಟಿಗೆ ಏರುವುದು ಹೇಗೆ? ನನ್ನ ಮಟ್ಟಿಗೆ ಇಡೀ ವಿಷಯದ ಸ್ವಾರಸ್ಯ ಇರುವುದು ಇಲ್ಲಿ. ಬಂದ ಸುದ್ದಿಗೆ ಮಿದುಳುಕಾಂಡ ಯಾವಾಗಲೂ ಒಂದೇ ಉತ್ತರ ಕೊಡುವುದಿಲ್ಲ. ಆ ಹೊತ್ತಿಗೆ ದೇಹ ಏನು ಮಾಡುತ್ತಿದೆ ಎಂದು ನೋಡಿ ಸುದ್ದಿಯ ಬೆಲೆ ಕಟ್ಟುತ್ತದೆ. ಹೆದರಿದ ಪ್ರಾಣಿಯಲ್ಲಿ ಮಿದುಳಿನ ಒಳಭಾಗದಲ್ಲಿರುವ ಹೈಪೊಥಲಾಮಸ್‌ನಿಂದ ಬರುವ ಸಂಕೇತಗಳು ಎನ್‌ಟಿಎಸ್‌ನಲ್ಲೇ ಒತ್ತಡದ ಸುದ್ದಿಯ ದನಿ ತಗ್ಗಿಸುತ್ತವೆ. ಓಡುವವನಲ್ಲಿ ಸರಿಯಾದ ಒತ್ತಡ ಎಷ್ಟು ಎಂಬ ಗುರಿಯೇ ಮೇಲಕ್ಕೆ ಸರಿಯುತ್ತದೆ.

ಇದನ್ನು ಪ್ರತಿ ಉಸಿರಿನಲ್ಲೂ ನಿಮ್ಮ ಮೈಮೇಲೆಯೇ ನೋಡಬಹುದು. ಈಗ ಎಲ್ಲರೂ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ನಾಡಿ ಹಿಡಿಯಿರಿ. ಐದು ಎಣಿಸುವಷ್ಟು ಹೊತ್ತು ನಿಧಾನವಾಗಿ ಉಸಿರೆಳೆಯಿರಿ, ಐದು ಎಣಿಸುವಷ್ಟು ಹೊತ್ತು ಬಿಡಿ. ಇನ್ನೊಮ್ಮೆ. ಎಳೆಯುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮುಂದಿನ ಸಾಲಿನಲ್ಲಿರುವ ಮಕ್ಕಳಿಗೆ ಇದು ಸ್ಪಷ್ಟವಾಗಿ ಗೊತ್ತಾಗಿರಬೇಕು, ಚಿಕ್ಕ ವಯಸ್ಸಿನಲ್ಲಿ ಈ ವ್ಯತ್ಯಾಸ ಹೆಚ್ಚು. ಇದು ರೋಗವಲ್ಲ, ಆರೋಗ್ಯದ ಲಕ್ಷಣ. ಉಸಿರಿಗೂ ನಾಡಿಗೂ ಸಂಬಂಧವೇ ಇಲ್ಲದೆ ಯದ್ವಾತದ್ವಾ ತಪ್ಪುವ ನಾಡಿ ಯಾರಿಗಾದರೂ ಸಿಕ್ಕಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಏಕೆ ಹೀಗೆ? ಉಸಿರಾಟದ ಲಯ ಹುಟ್ಟುವುದೂ ಮೆಡುಲ್ಲಾದಲ್ಲೇ, ಪ್ರೀ-ಬೋಟ್ಜಿಂಗರ್ ಎಂಬ ಪುಟ್ಟ ಕೋಶಗುಚ್ಛದಲ್ಲಿ. 1991ರಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಇಲಿಮರಿಯ ಮೆಡುಲ್ಲಾದ ತೆಳುವಾದ ಬಿಲ್ಲೆಯೊಂದನ್ನು ತಟ್ಟೆಯಲ್ಲಿಟ್ಟರೂ ಅದು ಉಸಿರಿನ ಲಯವನ್ನು ಮಿಡಿಯುತ್ತಿತ್ತು. ಈ ಲಯದ ಜಾಲಕ್ಕೂ ಹೃದಯವನ್ನು ನಿಧಾನಗೊಳಿಸುವ ವೇಗಸ್ ಕೋಶಗಳಿಗೂ ನೆರೆಹೊರೆಯ ಸಂಬಂಧ. ಉಸಿರೆಳೆಯುವಾಗ ಆ ವೇಗಸ್ ಕೋಶಗಳಿಗೆ ತಡೆ ಬೀಳುತ್ತದೆ. ಆಗ ಒತ್ತಡ ಏರಿದೆ ಎಂಬ ಸುದ್ದಿ ಬಂದರೂ ಅವು ಕಿವಿಗೊಡುವುದಿಲ್ಲ. ಉಸಿರು ಬಿಡುವಾಗ ತಡೆ ಸರಿಯುತ್ತದೆ, ಅದೇ ಸುದ್ದಿಗೆ ಹೃದಯ ತಟ್ಟನೆ ನಿಧಾನವಾಗುತ್ತದೆ. 1977ರಲ್ಲಿ ಡ್ವೇನ್ ಎಕ್‌ಬರ್ಗ್ ಮತ್ತು ಅವರ ಸಹೋದ್ಯೋಗಿ ಮನುಷ್ಯರ ಕುತ್ತಿಗೆಗೆ ಒಂದು ಕವಚ ತೊಡಿಸಿ, ಕ್ಷಣಕಾಲ ಗಾಳಿಯನ್ನು ಹೀರಿ ಕೆರಾಟಿಡ್ ಗೋಡೆಯನ್ನು ಹಿಗ್ಗಿಸಿ ಇದನ್ನು ತೋರಿಸಿದರು. ಹೀರಿಕೆ ಒಂದೇ, ಆದರೆ ಉಸಿರಿನ ಯಾವ ಘಟ್ಟದಲ್ಲಿ ಹೀರಿದರು ಎಂಬುದರ ಮೇಲೆ ಉತ್ತರ ಬೇರೆ.

ಪ್ರಾಣಾಯಾಮದ ಬಗ್ಗೆ ಕೇಳಬೇಕೆಂದು ಕೆಲವರು ಕಾಯುತ್ತಿದ್ದೀರಿ, ಈಗಲೇ ಹೇಳಿಬಿಡುತ್ತೇನೆ. ಒತ್ತಡವನ್ನು ತಿದ್ದುವ ಈ ಚಕ್ರಕ್ಕೆ ತನ್ನದೇ ಒಂದು ಲಯವಿದೆ, ಸುಮಾರು ಹತ್ತು ಸೆಕೆಂಡಿಗೊಂದು ಸುತ್ತು. ನಿಮಿಷಕ್ಕೆ ಆರು ಸಲ ಉಸಿರಾಡಿದರೆ ಉಸಿರಿನ ಅಲೆ ಮತ್ತು ಒತ್ತಡದ ಅಲೆ ಒಂದರ ಮೇಲೊಂದು ಕೂಡುತ್ತವೆ, ನಾಡಿಯ ಏರಿಳಿತ ದೊಡ್ಡದಾಗುತ್ತದೆ. ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಆರೋಗ್ಯವಂತರಿಗೆ ಲ್ಯಾಟಿನ್ ಭಾಷೆಯ ಮರಿಯಾ ಪ್ರಾರ್ಥನೆಯನ್ನೂ ಯೋಗದ ಮಂತ್ರವೊಂದನ್ನೂ ಪಠಿಸಲು ಹೇಳಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂತು, ಒತ್ತಡದ ಪ್ರತಿವರ್ತನೆ ಹೆಚ್ಚು ಚುರುಕಾಯಿತು. ನಿಧಾನದ ಉಸಿರಿಗೆ ಮಿದುಳುಕಾಂಡದಲ್ಲಿ ನಿಜವಾದ ಆಧಾರವಿದೆ ಎಂದು ಹೇಳಲು ನನಗೆ ಸಂತೋಷ. ಅದನ್ನು ನಂಬಿ ರಕ್ತದೊತ್ತಡದ ಮಾತ್ರೆ ಬಿಡಿ ಎಂದು ಹೇಳುವವರ ಮೇಲೆ ನನಗೆ ಸಿಟ್ಟಿದೆ.

ಇನ್ನು ನಮ್ಮ ದೇಶದವರೇ ಆದ ಔತಾರ್ ಸಿಂಗ್ ಪೈಂಟಾಲ್ ಅವರ ಕೆಲಸ. ನಮ್ಮ ಶಾಲಾಪಠ್ಯಗಳಲ್ಲಿ ಇವರಿಗೆ ಒಂದು ಪುಟವೂ ಇಲ್ಲದಿರುವುದು ನನ್ನನ್ನು ಯಾವಾಗಲೂ ಕಾಡುತ್ತದೆ. 1925ರಲ್ಲಿ ಬರ್ಮಾದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಡೇವಿಡ್ ವಿಟ್ಟರಿಜ್ ಅವರ ಕೈಕೆಳಗೆ ಕಲಿತು, ಮುಂದೆ ದೆಹಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾದವರು, 1981ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದವರು. ವೇಗಸ್ ನರದಲ್ಲಿ ಸಾವಿರಾರು ತಂತುಗಳು ಹೆಣೆದುಕೊಂಡಿರುತ್ತವೆ. ತೆಂಗಿನ ನಾರಿನ ಹಗ್ಗವನ್ನು ಬಿಡಿಸುತ್ತಾ ಹೋಗಿ ಕೊನೆಗೆ ಒಂದೇ ಎಳೆಯನ್ನು ಹಿಡಿಯುವಂತೆ ಅವರು ಸೂಕ್ಷ್ಮದರ್ಶಕದಡಿ ನರವನ್ನು ಸೀಳುತ್ತಾ, ಒಂದೇ ತಂತು ಏನು ಹೇಳುತ್ತದೆ ಎಂದು ಕೇಳಿಸಿಕೊಂಡರು. ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣದಲ್ಲಿ ಎರಡು ಬಗೆಯ ಗ್ರಾಹಕಗಳು, ಅಂದರೆ ಸುದ್ದಿ ಹಿಡಿಯುವ ನರತುದಿಗಳು ಇವೆ, ಒಂದು ಅದು ಕುಗ್ಗುವಾಗ ಮಿಡಿಯುತ್ತದೆ, ಇನ್ನೊಂದು ರಕ್ತ ತುಂಬುವಾಗ ಮಿಡಿಯುತ್ತದೆ ಎಂದು 1953ರಲ್ಲಿ ತೋರಿಸಿದರು.

ಆಮೇಲೆ 1955ರಲ್ಲಿ ಶ್ವಾಸಕೋಶದಿಂದ ಬರುವ ಬಲು ತೆಳುವಾದ, ನಿಧಾನವಾಗಿ ಸುದ್ದಿ ಒಯ್ಯುವ ತಂತುಗಳನ್ನು ಗುರುತಿಸಿದರು. ಮೊದಲು ಅವು ಶ್ವಾಸಕೋಶ ಕುಗ್ಗುವುದನ್ನು ಅಳೆಯುತ್ತವೆ ಎಂದುಕೊಂಡು ಹಾಗೆಯೇ ಹೆಸರಿಟ್ಟರು. ಪ್ರಯೋಗ ಮುಂದುವರಿದಂತೆ ಅವುಗಳ ಸಹಜ ಪ್ರಚೋದನೆ ಬೇರೆಯೇ ಎಂದು ಕಂಡಿತು. ಗಾಳಿಚೀಲದ ಗೋಡೆಯಲ್ಲಿ ಲೋಮನಾಳದ, ಅಂದರೆ ಅತಿ ಸಣ್ಣ ರಕ್ತನಾಳದ, ಪಕ್ಕದಲ್ಲೇ ಇವು ಕುಳಿತಿವೆ. ಲೋಮನಾಳದಲ್ಲಿ ಒತ್ತಡ ಏರಿ ನೀರು ಸುತ್ತಲಿನ ಅಂಗಾಂಶಕ್ಕೆ ಜಿನುಗತೊಡಗಿದಾಗ ಕೆರಳುತ್ತವೆ. 1969ರ ಹೊತ್ತಿಗೆ ಹಳೆಯ ಹೆಸರನ್ನು ಕೈಬಿಟ್ಟು ಜೆ ಗ್ರಾಹಕಗಳೆಂದು ಕರೆದರು. ಲೋಕವೆಲ್ಲ ಇಂದು ಬಳಸುವ ಹೆಸರು ಅದೇ.

ಹೃದಯ ವೈಫಲ್ಯದ ರೋಗಿಯನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಕ್ಸಿಜನ್ ಸರಿಯಾಗಿದೆ ಎನ್ನುತ್ತದೆ. ಆದರೂ ಮನುಷ್ಯ ಏದುಸಿರು ಬಿಡುತ್ತಾನೆ. ಮನೆಯವರು ಗಾಬರಿಯಿಂದ ಹೀಗಾಗಿದೆ ಎನ್ನುತ್ತಾರೆ. ಎಡ ಹೃದಯ ಸೋತು ಶ್ವಾಸಕೋಶದಲ್ಲಿ ರಕ್ತ ಕಟ್ಟಿಕೊಂಡಾಗ ಜೆ ಗ್ರಾಹಕಗಳೂ ಅವುಗಳಂಥ ಇತರ ಸಣ್ಣ ತಂತುಗಳೂ ಎನ್‌ಟಿಎಸ್‌ಗೆ ದೂರು ಸಲ್ಲಿಸುತ್ತವೆ. ಉಸಿರು ವೇಗವಾಗಿ ಮೇಲುಮೇಲಕ್ಕೆ ಬರುತ್ತದೆ, ಎದೆ ಬಿಗಿಯುತ್ತದೆ. ಮಲಗಿದರೆ ಕಾಲಿನ ರಕ್ತವೂ ಎದೆಗೆ ಹರಿದು ತೊಂದರೆ ಹೆಚ್ಚುತ್ತದೆ, ಅದಕ್ಕೇ ಅವರು ರಾತ್ರಿ ದಿಂಬಿನ ಮೇಲೆ ದಿಂಬಿಟ್ಟು ಒರಗಿರುತ್ತಾರೆ. ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ನೀರು ಇಳಿಸಿದರೆ ಉಸಿರು ಹಗುರಾಗುತ್ತದೆ. ಇದೇ ಸುದ್ದಿ ಕಾಲಿನ ಸ್ನಾಯುಗಳ ಪ್ರತಿವರ್ತನೆಯನ್ನೂ ಕುಗ್ಗಿಸುತ್ತದೆ ಎಂದು ಪ್ರಾಣಿಗಳಲ್ಲಿ ಕಂಡುಬಂದಿದೆ. ಅತಿಯಾದ ಶ್ರಮದಲ್ಲಿ ದೇಹವನ್ನು ನಿಲ್ಲಿಸಲು ಇದೊಂದು ಏರ್ಪಾಡು ಎಂದು ಪೈಂಟಾಲ್ ವಾದಿಸಿದರು. ನನಗೆ ಆ ವಾದ ಹಿಡಿಸುತ್ತದೆ.

ಕೊನೆಯದಾಗಿ, ನೆನಪಿಟ್ಟುಕೊಳ್ಳಿ ಎಂದಿದ್ದ ಮಾತು. ಎದೆ ಮತ್ತು ಹೊಟ್ಟೆಯ ಸುದ್ದಿ ಎನ್‌ಟಿಎಸ್‌ನಲ್ಲಿ ಅಕ್ಕಪಕ್ಕ. ಹೃದಯದ ಕೆಳಗಿನ ಮತ್ತು ಹಿಂದಿನ ಗೋಡೆಯಲ್ಲಿ ವೇಗಸ್‌ನ ತೆಳು ತಂತುಗಳು ಹೆಚ್ಚು. ಅಲ್ಲಿ ರಕ್ತ ಪೂರೈಕೆ ನಿಂತು ಹೃದಯಾಘಾತವಾದಾಗ ಅವು ಒಮ್ಮೆಲೇ ಕೆರಳುತ್ತವೆ. ನಾಡಿ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ, ವಾಕರಿಕೆ ಬರುತ್ತದೆ, ವಾಂತಿಯಾಗುತ್ತದೆ, ಮೈ ತಣ್ಣಗೆ ಬೆವರುತ್ತದೆ. ಔಷಧಿಯೊಂದನ್ನು ಬಳಸಿ ಫಾನ್ ಬೆಜೋಲ್ಡ್ 1867ರಲ್ಲೇ ಈ ಪ್ರತಿವರ್ತನೆಯನ್ನು ಕಂಡಿದ್ದರು, ಯಾರಿಶ್ ನಂತರ ಅದನ್ನು ವಿವರಿಸಿದರು. ಎದೆಯ ನೋವು ಮುಖ್ಯವಾಗಿ ಬೇರೆ ದಾರಿಯಲ್ಲಿ, ಬೆನ್ನುಹುರಿಯ ಮೂಲಕ ಹೋಗುತ್ತದೆ, ಕೆಲವರಲ್ಲಿ ಅದು ಮೇಲ್ಹೊಟ್ಟೆಯಲ್ಲೇ ಕಾಣಿಸುತ್ತದೆ. ಇವೆಲ್ಲ ಸೇರಿದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ನಿಮಗೆ ಗೊತ್ತೇ ಇದೆ: ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ, ಜೀರಿಗೆ ಕಷಾಯ ಕುಡಿ, ಬೆಳಿಗ್ಗೆ ನೋಡೋಣ.

ಬೆಳಿಗ್ಗೆಯವರೆಗೆ ಕಾಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತಣ್ಣನೆಯ ಬೆವರಿನೊಂದಿಗೆ ಬರುವ ಮೇಲ್ಹೊಟ್ಟೆಯ ಸಂಕಟಕ್ಕೆ ಮೊದಲು ಬೇಕಾದದ್ದು ಇಸಿಜಿ. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಅದು ಆಗಬೇಕು ಎಂಬುದು ವೈದ್ಯಕೀಯ ನಿಯಮ, ಆಗದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಮನೆಯಲ್ಲಿ ಬಹುಕಾಲದ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೂ ಎಚ್ಚರ ಬೇಕು. ಸಕ್ಕರೆ ಕಾಯಿಲೆ ಹೃದಯದ ನರತಂತುಗಳನ್ನೇ ಹಾಳುಮಾಡುವುದರಿಂದ ಹೃದಯಾಘಾತವಾದರೂ ಅವರಿಗೆ ನೋವು ತಿಳಿಯದೆ ಹೋಗಬಹುದು. ವೇಗಸ್ ಉದ್ದನೆಯ ನರ, ಅದಕ್ಕೆ ಪೆಟ್ಟು ಬೇಗ ಬೀಳುತ್ತದೆ. ಪರೀಕ್ಷೆ ಸುಲಭ. ಇಸಿಜಿ ಹಚ್ಚಿ, ಈಗ ನೀವು ಮಾಡಿದ ಹಾಗೆ ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಿಸುತ್ತಾರೆ. ಎಳೆಯುವಾಗಿನ ಮತ್ತು ಬಿಡುವಾಗಿನ ನಾಡಿಯ ವೇಗಕ್ಕೆ ನಿಮಿಷಕ್ಕೆ 15 ಬಡಿತಗಳ ಅಥವಾ ಅದಕ್ಕಿಂತ ಹೆಚ್ಚಿನ ಅಂತರವಿದ್ದರೆ ಸರಿ, ಹತ್ತಕ್ಕಿಂತ ಕಡಿಮೆಯಾದರೆ ನರ ಸೊರಗಿದೆ ಎಂದು ಅರ್ಥ. ವಯಸ್ಸಾದಂತೆ ಅಂತರ ತಾನಾಗಿಯೇ ಕೊಂಚ ಇಳಿಯುತ್ತದೆ, ವೈದ್ಯರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಖರ್ಚು ಒಂದು ಇಸಿಜಿಯದು, ಸಮಯ ಕೆಲವೇ ನಿಮಿಷ. ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಹೋದಾಗ ಇದನ್ನೂ ಮಾಡಿ ಎಂದು ನಿಮ್ಮ ವೈದ್ಯರನ್ನು ಕೇಳಿ.